ಖಾಲಿ ಕಾರ್ಡಿನ ಮುಖ

ಬಾಡಿಗೆ ಕಾರಿನ ಆ ಆ್ಯಪ್‌ಗೆ ಕೋಡ್ ಬರೆದವನು ಮಹಾ ಜಿಪುಣ. ದುಡ್ಡಿನಲ್ಲಲ್ಲ, ಫೋನಿನ ಮೆಮೊರಿಯಲ್ಲಿ. ನೂರಾರು ಚಾಲಕರಿದ್ದರೂ ತೆರೆಯ ಮೇಲೆ ಒಬ್ಬೊಬ್ಬರ ಹೆಸರು, ಮುಖ ತೋರಿಸಲು ಅವನು ಮಾಡಿಟ್ಟದ್ದು ಬೆರಳೆಣಿಕೆಯ ಕಾರ್ಡು. ಪಟ್ಟಿ ಸರಿಸಿದಂತೆ ಮೇಲೆ ಮರೆಯಾದ ಕಾರ್ಡನ್ನೇ ತೊಳೆದು, ಬೇರೆ ಹೆಸರು, ಬೇರೆ ಮುಖ ಹಾಕಿ ಕೆಳಗಿನಿಂದ ಮತ್ತೆ ಕಳಿಸುತ್ತಿದ್ದ. ಅಗ್ಗದ ಫೋನಿನಲ್ಲೂ ಪಟ್ಟಿ ಸಲೀಸಾಗಿ ಓಡುತ್ತಿತ್ತು.

ಕೆಲಸ ಶುರುಮಾಡಿದಾಗ ಪರೀಕ್ಷೆಗೆಂದು ಒಂದು ಮುಖ ಬೇಕಿತ್ತು. ಅದೇ ಕಂಪನಿಗೆ ಕಾರು ಓಡಿಸುತ್ತಿದ್ದ ಅಣ್ಣನ ಫೋಟೋ ಹಾಕಿದ, ತೆಗೆಯಲು ಮರೆತ. ಹಾಗಾಗಿ ತೊಳೆದಾಗಲೆಲ್ಲ ಕಾರ್ಡು ಮೊದಲಿನ ಸ್ಥಿತಿಗೆ, ಅಂದರೆ ಅಣ್ಣನ ಮುಖಕ್ಕೆ ಮರಳುತ್ತಿತ್ತು. ನೆಟ್ ಚುರುಕಾಗಿದ್ದರೆ ಹೊಸ ಫೋಟೋ ಥಟ್ಟನೆ ಬಂದು ಅದನ್ನು ಮುಚ್ಚುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅಣ್ಣ ಅಪಘಾತದಲ್ಲಿ ತೀರಿಕೊಂಡ. ಅದೇ ಹೊತ್ತಿಗೆ ನೆಟ್ ಕುಂಟತೊಡಗಿ ದೂರುಗಳು ಬಂದವು: ಯಾರದೋ ಹೆಸರಿನ ಪಕ್ಕ ಒಬ್ಬ ನಗುತ್ತಾನೆ, ಬೆರಳಿಡುವಷ್ಟರಲ್ಲಿ ಮಾಯ. ಓದಿದೊಡನೆ ಅದು ಅಣ್ಣನ ಮುಖವೆಂದು ಅವನಿಗೆ ಗೊತ್ತಾಯಿತು. ಸರಿಪಡಿಸಲು ಒಂದು ಸಾಲು ಸಾಕಿತ್ತು, ಆದರೆ ಅತ್ತಿಗೆಯ ನೆನಪಾಗಿ ಕೈ ಬರಲಿಲ್ಲ.

ಅವಳು ದಿನಾ ಸಂಜೆ, ನೆಟ್ ಸರಿಯಾಗಿ ಸಿಗದ ಮೆಟ್ಟಿಲ ಮೂಲೆಯನ್ನೇ ಹುಡುಕಿ ಕೂತು, ಎಲ್ಲಿಗೂ ಹೋಗುವುದಿಲ್ಲದಿದ್ದರೂ ಆ ಪಟ್ಟಿ ಸರಿಸುತ್ತಿದ್ದಳು.

"ಮನೇಲಿ ಅಣ್ಣನ ಫೋಟೋ ಬೇಕಾದಷ್ಟಿವೆಯಲ್ಲ ಅತ್ತಿಗೆ."

"ಅದ್ರಲ್ಲಿ ಸುಮ್ನೆ ಇರ್ತಾರೆ ಕಣೋ. ಇಲ್ಲಿ ಆದ್ರೆ ಬರ್ತಾರೆ."

ಆ ಮುಖದ ಹಿಂದಿನ ಕೋಡೆಲ್ಲ ಅವನದೇ. ಆದರೂ ಕಚೇರಿಯಲ್ಲಿ ಪಟ್ಟಿ ಸರಿಸುವಾಗ ಅವನ ಕಣ್ಣೂ ಅಣ್ಣನಿಗೆ ಕಾಯುತ್ತಿತ್ತು. ಕಂಡರೆ ಭಯ, ಕಾಣದಿದ್ದರೆ ಅದಕ್ಕಿಂತ ಭಯ.

ಒಂದು ಮಧ್ಯಾಹ್ನ ಮ್ಯಾನೇಜರ್ ಅವನ ಮೇಜಿನ ಬಳಿ ಬಂದು ವಿಷಯ ಹೇಳಿದರು. ಹಿಂದೆಲ್ಲ ಅಣ್ಣನ ಕಾರಿನಲ್ಲೇ ಆಸ್ಪತ್ರೆಗೆ ಹೋಗುತ್ತಿದ್ದ, ಅವನು ತೀರಿಕೊಂಡದ್ದು ಗೊತ್ತಿರದ ಅಜ್ಜಿಯೊಬ್ಬರು ಆ ಮುಖ ಕಂಡು, ಮನೆ ಬಾಗಿಲಿಗೆ ಬಂದ ಬೇರೆ ಕಾರನ್ನು ವಾಪಸ್ ಕಳಿಸಿ, ಅಣ್ಣನಿಗೇ ಬಿಸಿಲಲ್ಲಿ ಕಾದು ಕುಸಿದುಬಿದ್ದಿದ್ದರು.

"ಪುಣ್ಯಕ್ಕೆ ಉಳ್ಕೊಂಡಿದಾರೆ. ಇವತ್ತೇ ತೆಗೀರಿ ಅದನ್ನ."

ಇನ್ನು ಸಬೂಬು ಉಳಿದಿರಲಿಲ್ಲ. ಅಣ್ಣನ ಮುಖದ ಜಾಗದಲ್ಲಿ ಒಂದು ಬೂದು ವೃತ್ತ ಇಟ್ಟ. ಅತ್ತಿಗೆಗೆ ಫೋನ್ ಮಾಡಲು ಹೊರಟು, ಧೈರ್ಯ ಸಾಲದೆ ಬಿಟ್ಟ.

ಸಂಜೆ ಅವಳು ಮೆಟ್ಟಿಲ ಮೇಲೇ ಕೂತಿದ್ದಳು.

"ನೀನೇ ತೆಗೆದ್ಯಾ?"

"ಹೂಂ ಅತ್ತಿಗೆ. ತೆಗೀಲೇಬೇಕಿತ್ತು."

"ತೆಗಿ, ನಾನೇನು ಬೇಡ ಅಂತಿದ್ನಾ?" ಅವಳು ಫೋನನ್ನು ಮಗುಚಿಟ್ಟಳು. "ಮುಂಚೆ ಒಂದು ಮಾತು ಹೇಳಿದ್ರೆ ಅವ್ರಿಗೆ ಹೋಗಿಬನ್ನಿ ಅಂತಿದ್ದೆ. ಆವತ್ತು ಕೊನೇ ಸಲ ಕಾರು ತಗೊಂಡು ಹೊರಟಾಗ್ಲೂ ಅನ್ನೋಕಾಗ್ಲಿಲ್ಲ ನಂಗೆ."