ನೊಯೆಮಿಯ ಓದಿನ ಹಾಳೆ

ಹೊವಿತಾಳ ಸಹಿ ಬಲು ಚೆಂದ. ಮೊದಲ ಅಕ್ಷರಕ್ಕೊಂದು ಬಾಲ, ಕೊನೆಗೊಂದು ಸುತ್ತು. ಸೇಬು ಪ್ಯಾಕ್ ಮಾಡುವ ಶೆಡ್ಡಿಗೆ ಬೆಳಗ್ಗೆ ಕಾಲಿಟ್ಟೊಡನೆ ಒಂದು ಹಾಳೆಗೆ ಸಹಿ, ಊಟದ ಬಿಡುವಿಗೊಂದು ಸಹಿ, ಹೊಸ ಕೈಗವಸು ಕೊಟ್ಟರೆ ಇನ್ನೊಂದು. ಹಾಳೆಯಲ್ಲಿ ಏನಿದೆ ಎಂದು ಕೇಳುವವರೂ ಇರಲಿಲ್ಲ, ಹೇಳುವವರೂ ಇರಲಿಲ್ಲ. ಮೆಕ್ಸಿಕೋದ ಮಿಚೋಕಾನಿನಿಂದ ಅಮೆರಿಕದ ಯಾಕಿಮಾ ಕಣಿವೆಗೆ ಬಂದ ನಮ್ಮ ಜನಕ್ಕೆಲ್ಲ ತೊಂಬತ್ತರ ಆ ದಶಕದಲ್ಲಿ ಅದೇ ರೂಢಿ. ಹಾಳೆ ಬಂತು, ಸಹಿ ಬಿತ್ತು, ಕೆಲಸ ಮುಗಿಯಿತು.

ಹಾಗಾಗಿ ಒಂದನೇ ತರಗತಿಯ ಮಗಳು ನೊಯೆಮಿ ಪ್ರತಿ ಸಂಜೆ ಶಾಲೆಯ ಚೀಲದಿಂದ ಹಳದಿ ಹಾಳೆ ತೆಗೆದು ಚಾಚಿದಾಗಲೂ ಹೊವಿತಾ ಜೋಳದ ಹಿಟ್ಟಿನ ಕೈ ಒರೆಸಿಕೊಂಡು ಸಹಿ ಹಾಕಿಬಿಡುತ್ತಿದ್ದಳು. ಹಾಜರಿಯ ಪಟ್ಟಿ ಇರಬೇಕು ಎಂದುಕೊಂಡಿದ್ದಳು. 'ಇವತ್ತು ಮನೆಯಲ್ಲಿ ಮಗುವಿನ ಜೊತೆ ಇಪ್ಪತ್ತು ನಿಮಿಷ ಓದಿದ್ದೇವೆ' ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು.

ಫೆಬ್ರವರಿಯ ಒಂದು ಸಂಜೆ ತೊಮಾಸಾ ಮನೆಗೆ ಬಂದಳು. ಮೊದಲು ಅದೇ ಶೆಡ್ಡಿನಲ್ಲಿ ಹೊವಿತಾಳ ಪಕ್ಕ ನಿಂತು ಸೇಬು ಆರಿಸುತ್ತಿದ್ದವಳು, ಈಗ ಶಾಲೆಯ ಪರವಾಗಿ ಮನೆಮನೆಗೆ ಹೋಗುವ ಕೆಲಸ. ಚರ್ಚಿನಲ್ಲಿ ನೊಯೆಮಿಗೆ ಹೆಸರಿಟ್ಟ ದಿನ ಮಗುವನ್ನು ಎತ್ತಿಕೊಂಡು ನಿಂತವಳು ಅವಳೇ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು 'ಕೊಮಾದ್ರೆ', ಮಗುವಿನ ಅಪ್ಪ ಅವಳಿಗೆ 'ಕೊಂಪಾದ್ರೆ'.

"ಕೊಮಾದ್ರೆ, ಬೈಯೋಕೆ ಬಂದಿಲ್ಲ. ಮೊದ್ಲು ಕಾಫಿ ಕೊಡು" ಎಂದು ಕೂತಳು. ಒಂದು ಗುಟುಕು ಕುಡಿದ ಮೇಲೆ ವಿಷಯ ತೆಗೆದಳು. "ಟೀಚರಮ್ಮ ತಲೆ ಕೆರ್ಕೋತಿದ್ದಾರೆ. ಅರವತ್ತು ದಿನ ಮನೇಲಿ ಓದಿಸಿದ್ದೀರಿ ಅಂತ ಹಾಳೆ ಹೇಳುತ್ತೆ. ಮಗೂಗೆ ನೋಡಿದ್ರೆ ಒಂದು ಸಾಲು ಓದೋಕೆ ಬರಲ್ಲ. ಜೂನ್ ಒಳಗೆ ದಾರಿಗೆ ಬರದಿದ್ರೆ ಮುಂದಿನ ವರ್ಷಾನೂ ಒಂದನೇ ಕ್ಲಾಸಲ್ಲೇ ಕೂರ್ಬೇಕಾಗುತ್ತೆ."

ಹಾಳೆಯಲ್ಲಿದ್ದ ಮಾತನ್ನು ತೊಮಾಸಾ ಬಿಡಿಸಿ ಹೇಳಿದಾಗ ಹೊವಿತಾಳ ಮುಖ ಬಿಳಿಚಿತು. "ಅಯ್ಯೋ ದೇವ್ರೇ! ಅರವತ್ತು ಸಲ ಸುಳ್ಳಿಗೆ ಸಹಿ ಹಾಕಿದ್ನಾ?"

ಗಂಡ ಹಸಿಂತೊ ಸೇಬಿನ ಗಿಡಗಳ ರೆಂಬೆ ಸವರಿ ಆಗಷ್ಟೇ ಬಂದಿದ್ದ. ಅವನಿಗೆ ರೇಗಿತು. "ಅಕ್ಷರ ಕಲಿಸೋದು ಟೀಚರ್ ಕೆಲ್ಸ ಅಲ್ವಾ? ನಮ್ಮಪ್ಪ ನನ್ನನ್ನ ಮೇಷ್ಟ್ರ ಕೈಗೆ ಒಪ್ಪಿಸಿ, ಟೋಪಿ ತೆಗೆದು ವಂದನೆ ಹೇಳಿ ಬಂದಿದ್ದ. ಆಮೇಲೆ ಆ ಕಡೆ ತಲೆ ಹಾಕಿರ್ಲಿಲ್ಲ. ನಡುವೆ ಬಾಯಿ ಹಾಕಿದ್ರೆ ಮೇಷ್ಟ್ರಿಗೆ ಅವಮಾನ. ಅದೂ ಅಲ್ದೆ, ನಾನು ಓದಿರೋದು ಮೂರನೇ ಕ್ಲಾಸು, ಇವಳ ಇಂಗ್ಲಿಷು ಶೆಡ್ಡಿನ ಬಾಗಿಲು ದಾಟಲ್ಲ. ಕುರುಡ ಕುರುಡನಿಗೆ ದಾರಿ ತೋರಿಸಿದ ಹಾಗಾಗುತ್ತೆ."

"ಅಲ್ಲ ಕೊಂಪಾದ್ರೆ, ಸಸಿ ಕೊಟ್ಟೋನು ನರ್ಸರಿಯವನು ಅಂತ ತೋಟಕ್ಕೆ ಬಂದು ನೀರೂ ಅವನೇ ಹಾಕ್ತಾನಾ?" ಎಂದಳು ತೊಮಾಸಾ. ಆಮೇಲೆ ಹೊವಿತಾಳ ಕಡೆ ತಿರುಗಿ, "ನಿನಗೆ ಮೊದ್ಲು ಓದೋಕೆ ಬಂದಿದ್ದು ಹೇಗೆ, ಹೇಳು" ಎಂದಳು.

"ಶಾಲೇಲಿ" ಎನ್ನಲು ಹೊರಟ ಹೊವಿತಾ ತಡೆದಳು. ಶಾಲೆಯಲ್ಲಿ ಅಲ್ಲ. ಅಪ್ಪನ ಅಂಗಳದಲ್ಲಿ.

ಭಾನುವಾರದ ಮಧ್ಯಾಹ್ನ ಅಪ್ಪ ಲೊತೆರಿಯಾ ಎಂಬ ಚಿತ್ರಚೀಟಿಯ ಆಟ ಆಡಿಸುತ್ತಿದ್ದ. ಚೀಟಿಗಳಲ್ಲಿ ಹುಂಜ, ಚಂದ್ರ, ಕಲ್ಲಂಗಡಿ, ಏಣಿ. ಪ್ರತಿ ಚಿತ್ರದ ಕೆಳಗೆ ಅದರ ಹೆಸರು. ಅಪ್ಪ ಒಂದೊಂದೇ ಚೀಟಿ ಎತ್ತಿ ಒಗಟು ಕಟ್ಟಿ ಕೂಗುತ್ತಿದ್ದ. "ತಾನೂ ಮಲಗಲ್ಲ, ಊರನ್ನೂ ಮಲಗಿಸಲ್ಲ!" ಎಂದರೆ ಮಕ್ಕಳು ಅವೇ ಚಿತ್ರಗಳಿದ್ದ ತಮ್ಮ ಹಲಗೆಯ ಮೇಲೆ ಹುಂಜವನ್ನು ಹುಡುಕಿ ಒಂದು ಹುರುಳಿಕಾಯಿ ಬೀಜ ಇಡಬೇಕು. ಬೇಯುವ ಜೋಳದ ವಾಸನೆ, ಅಮ್ಮನ ನಗು, ಅಪ್ಪನ ಒಡಕು ಗಂಟಲು. ಒಮ್ಮೆ ಚಿತ್ರವೆಲ್ಲ ಸವೆದುಹೋದ ಚೀಟಿಯೊಂದು ಅಪ್ಪನ ಕೈಗೆ ಬಂತು. ಅವನು ಹಿಂದೆ ಮುಂದೆ ತಿರುಗಿಸಿ ನೋಡಿ ಸುಮ್ಮನಾದ. ಆರು ವರ್ಷದ ಹೊವಿತಾ ಬಗ್ಗಿ, ಕೆಳಗಿನ ಅಕ್ಷರ ನೋಡಿ, "ಗಂಟೆ ಅಪ್ಪಾ, ಗಂಟೆ!" ಎಂದಳು. ಯಾರೂ ಕೂರಿಸಿ ಕಲಿಸಿರಲಿಲ್ಲ. ಅಪ್ಪ ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಇಡೀ ಬೀದಿ ಸುತ್ತಿದ್ದ.

ಇದನ್ನೆಲ್ಲ ಹೇಳುವಷ್ಟರಲ್ಲಿ ಹೊವಿತಾಳ ಕಣ್ಣು ತುಂಬಿತ್ತು. ಆ ಅಂಗಳವೂ ಇಲ್ಲ, ಅಪ್ಪನೂ ಇಲ್ಲ.

"ನಿಮ್ಮಪ್ಪನಿಗೆ ಓದೋಕೆ ಬರ್ತಿತ್ತಾ?" ತೊಮಾಸಾ ಮೆಲ್ಲಗೆ ಕೇಳಿದಳು.

"ಇಲ್ಲ. ಚಿತ್ರ ನೋಡಿ ಕೂಗ್ತಿದ್ದ, ಅಷ್ಟೇ."

"ಮತ್ತೆ?"



ತೊಮಾಸಾ ಚೀಲದಿಂದ ಲೈಬ್ರರಿಯ ಎರಡು ಚಿತ್ರಪುಸ್ತಕ ತೆಗೆದಳು, ಒಂದು ಸ್ಪ್ಯಾನಿಷಿನದು, ಒಂದು ಇಂಗ್ಲಿಷಿನದು. "ಸ್ಪ್ಯಾನಿಷಿನದನ್ನ ನೀನು ಓದು, ಸಾಲಿನ ಕೆಳಗೆ ಬೆರಳಾಡಿಸ್ತಾ. ನಿಧಾನ ಆದ್ರೂ ಪರವಾಗಿಲ್ಲ. ಚಿತ್ರ ತೋರ್ಸಿ ಮಾತಾಡ್ಸು. ಇಂಗ್ಲಿಷಿನದು ಅವಳು ಓದ್ಲಿ, ಏನಿದೆ ಅಂತ ನಿನಗೆ ಹೇಳ್ಲಿ. ತಪ್ಪಾದ್ರೆ ಗದರಬೇಡ, ಸ್ವಲ್ಪ ಕಾಯಿ."

"ಮನೇಲಿ ನಮ್ಮ ಭಾಷೆ ಮಾತಾಡಿದ್ರೆ ಇಂಗ್ಲಿಷ್ ಕೆಡುತ್ತೆ ಅಂತಾರಲ್ಲ?" ಎಂದಳು ಹೊವಿತಾ.

"ಯಾರ್ ಹೇಳಿದ್ದು? ಒಂದು ಭಾಷೇಲಿ ಕಥೆಯ ರುಚಿ ಹತ್ತಿದ ಮಗು ಇನ್ನೊಂದರಲ್ಲೂ ಹುಡುಕ್ಕೊಂಡು ಹೋಗುತ್ತೆ. ನೀನು ಬಾಯಿ ಮುಚ್ಚಿ ಕೂತ್ರೆ ಅವಳಿಗೆ ಎರಡೂ ಇಲ್ಲ."

ಮೊದಲ ವಾರ ಸುಲಭವಾಗಿರಲಿಲ್ಲ. ನೊಯೆಮಿ ಆಕಳಿಸಿದಳು, ಟಿವಿ ಕಡೆ ಕತ್ತು ಹೊರಳಿಸಿದಳು. ಹೊವಿತಾಗೂ ದಿನವಿಡೀ ನಿಂತ ಕಾಲು ಸಿಡಿಯುತ್ತಿತ್ತು. ಓದದ ದಿನ ಅವಳು ಹಾಳೆಯನ್ನು ಖಾಲಿ ಬಿಟ್ಟಳು. ಅದನ್ನು ನೋಡಿ ಟೀಚರ್ ಬೇಸರಪಡಲಿಲ್ಲ, ಪಕ್ಕದಲ್ಲೊಂದು ನಗುಮುಖ ಬರೆದು ಕಳಿಸಿದರು. ಬರಬರುತ್ತ ಖಾಲಿ ದಿನಗಳು ಕಡಿಮೆಯಾದವು. ಮಾರ್ಚ್ ಮುಗಿಯುವ ಹೊತ್ತಿಗೆ ನೊಯೆಮಿ ತಾನಾಗಿಯೇ ಪುಸ್ತಕ ಹಿಡಿದು ಅಡುಗೆಮನೆಗೆ ಬರತೊಡಗಿದಳು.

ಏಪ್ರಿಲಿನಲ್ಲಿ, ಸೇಬಿನ ಗಿಡಗಳು ಹೂಬಿಟ್ಟ ವಾರ, ಹಸಿಂತೊ ಬೂಟು ಬಿಚ್ಚುತ್ತ ಕೂತಿದ್ದ. ನೊಯೆಮಿ ಇಂಗ್ಲಿಷಿನಲ್ಲಿ ತಡವರಿಸಿ ಓದುತ್ತ, ನಡುನಡುವೆ ಸ್ಪ್ಯಾನಿಷಿನಲ್ಲಿ ಅಮ್ಮನಿಗೆ ಅರ್ಥ ಹೇಳುತ್ತಿದ್ದಳು. ದಾರಿ ತಪ್ಪಿದ ಕರಡಿಮರಿಯ ಕಥೆ. ಮರಿ ಹೊಳೆಯ ದಡಕ್ಕೆ ಬಂದಾಗ ಹುಡುಗಿ ಪುಸ್ತಕ ಮುಚ್ಚಿ, "ಹಸಿವು" ಎಂದಳು.

"ಏಯ್, ಹೊಳೆ ದಾಟ್ತೋ ಇಲ್ವೋ ಮರಿ?" ಹಸಿಂತೊ ಒಂದು ಕಾಲಲ್ಲಿ ಬೂಟು ಇಟ್ಟುಕೊಂಡೇ ಕೇಳಿದ.

"ನಾಳೆ ಓದ್ತೀನಪ್ಪಾ."

"ನಾಳೆ ಗೀಳೆ ಇಲ್ಲ. ಬಾ ಇಲ್ಲಿ, ನನ್ನ ಪಕ್ಕ ಕೂತ್ಕೊಂಡು ಓದು."

"ಮೇಷ್ಟ್ರಿಗೆ ಅವಮಾನ ಆಗಲ್ವಾ?" ಎಂದು ಹೊವಿತಾ ಒಲೆಯ ಬಳಿಯಿಂದ ಕಿಚಾಯಿಸಿದಳು.

"ಅವರಿಗೆ ಹೇಳೋಕೆ ಹೋಗ್ಬೇಡ" ಎಂದ ಅವನು, ಮಗಳಿಗೆ ಜಾಗ ಮಾಡಿಕೊಡುತ್ತ.

ಜೂನಿನಲ್ಲಿ ಶಾಲೆಯಿಂದ ಕಾಗದ ಬಂತು. ಈ ಸಲ ಹೊವಿತಾ ಪೆನ್ನಿಗೆ ಕೈ ಹಾಕಲಿಲ್ಲ. "ಏನಿದೆ, ಓದು" ಎಂದು ಮಗಳ ಕೈಗೇ ಕೊಟ್ಟಳು. ನೊಯೆಮಿ ಬೆರಳಿಟ್ಟು ನಿಧಾನವಾಗಿ, ಒಂದೆಡೆ ನಿಂತು, ಮತ್ತೆ ಹಿಡಿದು, ಕೊನೆಯವರೆಗೂ ಓದಿದಳು. ಎರಡನೇ ತರಗತಿಗೆ ಕಳಿಸುತ್ತೇವೆ ಎಂದು ಬರೆದಿತ್ತು.

ತಾಯ್ತಂದೆಯರೇ, ನಿಮಗೆ ಓದಲು ಬಂದರೆ ಮಗುವಿಗೆ ಓದಿ ಹೇಳಿ. ಬರದಿದ್ದರೆ ಪಕ್ಕದಲ್ಲಿ ಕೂತು ಕೇಳಿ, ಚಿತ್ರ ತೋರಿಸಿ ಮಾತಾಡಿಸಿ, ನಿಮ್ಮ ಊರಿನ ಕಥೆ ನಿಮ್ಮ ಭಾಷೆಯಲ್ಲೇ ಹೇಳಿ. ಶಾಲೆಯ ಹಾಳೆ ಅರ್ಥವಾಗದಿದ್ದರೆ ಯಾರನ್ನಾದರೂ ಕೇಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮಕ್ಕಳು ನಮ್ಮ ಪಕ್ಕ ಒತ್ತಿಕೊಂಡು ಕೂರುವ ವರ್ಷಗಳು ಕೆಲವೇ, ಹೋದರೆ ಮತ್ತೆ ಬರುವುದಿಲ್ಲ. ಇವತ್ತು ಸಂಜೆಯೇ ಕರೆದು ಕೂರಿಸಿಕೊಳ್ಳಿ.