ಎರಡು ಖಾಲಿ ಕುರ್ಚಿಗಳು

ಮೆಟ್ಟಿಲಿನ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತು.

“ನಿಮ್ಮ ಕಡೆ ಸ್ವಲ್ಪ ಎತ್ರೀ ಟ್ವಿಚೆಲ್,” ಎಂದ ಕಮ್ಮಾರ ಗಿಡಿಯನ್. “ಬದುಕಿದ್ದಾಗ್ಲೂ ಈ ಪುಣ್ಯಾತ್ಮ ನಿಮಗೆ ದಾರಿ ಬಿಡ್ಲಿಲ್ಲ, ಈಗ್ಲೂ ಬಿಡ್ತಿಲ್ಲ.”

ಶಾಸಕ ಆರಿನ್ ಟ್ವಿಚೆಲ್ ನಗಲಿಲ್ಲ. ಪೆಟ್ಟಿಗೆಗಿಂತ ಜೇಬಿನಲ್ಲಿದ್ದ ತಂತಿ ಸಂದೇಶವೇ ಭಾರವಾಗಿತ್ತು. ಗಿರಣಿಯ ಹೆಂಗಸರ ದುಡಿಮೆಯನ್ನು ದಿನಕ್ಕೆ ಹತ್ತು ಗಂಟೆಗೆ ಇಳಿಸುವ ಮಸೂದೆ ಸಂಜೆ ಮತಕ್ಕೆ ಬರುತ್ತದೆ. ನಿನ್ನ ಮತವಿಲ್ಲದೆ ಅದು ಬೀಳುವುದಿಲ್ಲ. ಒಂದೂವರೆಯ ರೈಲು ಹಿಡಿ, ಎಂದಿತ್ತು ಪಕ್ಷ. ಮಸೂದೆ ತಂದವನು ಇದೇ ಪೆಟ್ಟಿಗೆಯಲ್ಲಿದ್ದ ವಕೀಲ, ಎದುರುಪಕ್ಷದ ಶಾಸಕ ಲೆಮ್ಯುಯೆಲ್ ಪೀಸ್ಲಿ.

ಹಜಾರದ ಗಡಿಯಾರವನ್ನು ಪದ್ಧತಿಯಂತೆ ಸಾವಿನ ಗಳಿಗೆಗೆ ನಿಲ್ಲಿಸಿದ್ದರು. ಪಾದ್ರಿಯ ಪ್ರಾರ್ಥನೆ ಮುಗಿಯುವುದರೊಳಗೆ ಆರಿನ್ ಮೂರು ಸಲ ಜೇಬುಗಡಿಯಾರ ತೆಗೆದು ನೋಡಿದ.

*

ಹನ್ನೊಂದು ವರ್ಷದ ಹಿಂದೆ ಆ ಮಸೂದೆ ಮೊದಲ ಸಲ ಬಂದಾಗ ಪೀಸ್ಲಿಯ ಮಗಳಿಗೆ ಗಂಟಲುಮಾರಿ. ಸದನದ ಹಳೆಯ ರೂಢಿಯಂತೆ ಅವನೂ ಆರಿನ್ನೂ ಜೋಡಿ ಕಟ್ಟಿದರು: ಒಬ್ಬ ಊರಿಗೆ ಹೋದರೆ, ಅವನು ಮರಳುವ ತನಕ ಎದುರುಪಕ್ಷದ ಇನ್ನೊಬ್ಬನೂ ಮತ ಹಾಕುವುದಿಲ್ಲ. ಬರಹವಿಲ್ಲ, ಸಾಕ್ಷಿಯಿಲ್ಲ, ಕೈ ಕುಲುಕಿದರೆ ಮುಗಿಯಿತು.

ಪೀಸ್ಲಿ ಊರಿಗೆ ಹೋದ. ಆದರೂ ಹೆಸರು ಕೂಗಿದಾಗ ಆರಿನ್ “ವಿರೋಧ” ಎಂದುಬಿಟ್ಟ. ಮಸೂದೆ ಒಂದೇ ಮತದಿಂದ ಬಿತ್ತು.

ಮಗಳನ್ನು ಮಣ್ಣುಮಾಡಿ ಬಂದ ಪೀಸ್ಲಿ ಏನೂ ಕೇಳಲಿಲ್ಲ. ವರ್ಷವರ್ಷವೂ ಅದೇ ಮಸೂದೆ ತಂದ, ಸೋತ. ಎದುರಾದರೆ ಹ್ಯಾಟಿನ ಅಂಚು ಮುಟ್ಟುತ್ತಿದ್ದ; ಕೈ ಮಾತ್ರ ಎಂದೂ ಚಾಚಲಿಲ್ಲ.

*

ವರ್ಮಾಂಟ್ ಸೀಮೆಯ ನೆಲ ಚಳಿಗೆ ಹೆಪ್ಪುಗಟ್ಟಿತ್ತು. ಗುದ್ದಲಿ ಇಳಿಯುವ ವಸಂತದ ತನಕ ಪೆಟ್ಟಿಗೆ ಸ್ಮಶಾನದ ಕಲ್ಲುಕೋಣೆಯಲ್ಲಿ ಕಾಯಬೇಕು. ಪೆಟ್ಟಿಗೆ ಹೇರಿದ ಹಿಮದ ಜಾರುಬಂಡಿಯ ಬಳಿ ಪೀಸ್ಲಿಯ ಹೆಂಡತಿ ಹಲ್ಡಾ ಆರಿನ್‌ನನ್ನು ತಡೆದಳು.

“ಹೊರಡಿ ಆರಿನ್. ರೈಲಿದೆ ಅಂತ ಗೊತ್ತು ನನಗೆ. ಪೆಟ್ಟಿಗೆ ಹೊರೋಕೆ ನಿಮ್ಮ ಜಾಗಕ್ಕೆ ಬೇರೆಯವ್ರು ಬರ್ತಾರೆ.”

ಸ್ಟೇಷನ್ನಿನ ದಾರಿಗೆ ಎರಡು ಹೆಜ್ಜೆ ಇಟ್ಟವನು ನಿಂತ.

“ಹೊರೋರಲ್ಲಿ ನನ್ನ ಹೆಸ್ರು ಬರೆಸಿದ್ಯಾರು?”

“ಅವ್ರೇ, ಸಾಯೋ ಮುಂಚೆ. ‘ಆರಿನ್‌ನ ಇನ್ನೊಂದ್ಸಲ ಕೇಳಿ ನೋಡೋಣ’ ಅಂದ್ರು. ಏನು ಕೇಳೋದೋ, ನನಗಂತೂ ತಿಳೀಲಿಲ್ಲ.”

ಪೆಟ್ಟಿಗೆಯೊಂದಿಗೆ ಆರಿನ್ ಮತ್ತು ಉಳಿದವರು ಕಲ್ಲುಕೋಣೆ ತಲುಪಿದಾಗ ಹೊಳೆಯಾಚೆ ಸಿಳ್ಳೆ ಕೇಳಿಸಿತು.

“ನಿಮ್ಮ ರೈಲಲ್ವಾ ಅದು?” ಎಂದ ಗಿಡಿಯನ್.

ಆರಿನ್ ತನ್ನ ಕಡೆಯ ಹಿಡಿ ಎತ್ತಿ ಒಳಗೆ ನಡೆದ. ಪೆಟ್ಟಿಗೆ ಇಳಿಸಿ ಉಳಿದವರು ಹೊರನಡೆದರು. ಅವನು ಬಲಗೈಯ ಗವಸು ಕಳಚಿ, ಪೆಟ್ಟಿಗೆಯ ಹಿತ್ತಾಳೆಯ ಹಿಡಿಯನ್ನು ಬರಿಗೈಯಲ್ಲಿ ಹಿಡಿದು, ಮೆಲ್ಲಗೆ ಒಮ್ಮೆ ಕುಲುಕಿದ. ಆ ಚಳಿಗೆ ಅಂಗೈಯ ಚರ್ಮ ಲೋಹಕ್ಕೆ ಅಂಟಿಕೊಂಡಿತು. ಬಿಡಿಸಿಕೊಳ್ಳಲು ಅವನು ಅವಸರಪಡಲಿಲ್ಲ.