ಮುಂಜಿಯ ನೂಲು

ಪರದೇಶದ ಮೆಲಾಕಾ ಊರಿನ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಜಯರಾಮ ಕೊರೊನಾ ವಾರ್ಡಿಗೆ ಹೋದಂದಿನಿಂದ ಮನೆಗೆ ಬಂದಿರಲಿಲ್ಲ. ಅಲ್ಲೇ ಒಂದು ಕೋಣೆಯಲ್ಲಿ ಉಳಿದಿದ್ದ. ವಾರ್ಡಿನಲ್ಲಿ ಗೌನುಗಳು ಸಾಲುತ್ತಿರಲಿಲ್ಲ. ಸ್ವಯಂಸೇವಕರು ಕತ್ತರಿಸಿದ ನೀಲಿ ಬಟ್ಟೆಯನ್ನು ಮನೆಯ ಗೇಟಿನಲ್ಲಿಟ್ಟು ಹೋಗುತ್ತಿದ್ದರು. ಅವನ ಹೆಂಡತಿ ಸುಗಂಧಿ ಹೊಲಿಯುತ್ತಿದ್ದಳು. ಮಿಷನ್ ಹಳೆಯದು, ಕಾಲಲ್ಲಿ ತುಳಿಯುವಂಥದ್ದು. ಬಾಡಿಗೆ ಮನೆಯ ಜೊತೆಗೇ ಬಂದದ್ದು. ಸಂಜೆಯ ಹೊತ್ತಿಗೆ ಅವಳ ಮೊಣಕಾಲು ಮರಗಟ್ಟುತ್ತಿತ್ತು.

ಅತ್ತೆ ರತ್ನಮ್ಮ ಉಡುಪಿಯಿಂದ ಬಂದವರು ವಿಮಾನ ನಿಂತು ಇಲ್ಲೇ ಸಿಕ್ಕಿಬಿದ್ದಿದ್ದರು. ಊರಲ್ಲಿ ಮಗಳ ಮಗ ಪ್ರಜ್ವಲನ ಮುಂಜಿ ಆಗಬೇಕಿತ್ತು. ಅವನ ಜನಿವಾರಕ್ಕೆಂದು ಬೆಳಿಗ್ಗೆ ಸ್ನಾನ ಮಾಡಿ, ಕಿಟಕಿಯ ಬಳಿ ಕೂತು ತಕಲಿಯಲ್ಲಿ ನೂಲು ತೆಗೆಯುತ್ತಿದ್ದರು. ಮುಂಜಿ ಮುಂದೆ ಹೋದ ಸುದ್ದಿ ಬಂದ ಮೇಲೂ ತಕಲಿ ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಮಿಷನ್ನಿನ ಬೆಲ್ಟ್ ತುಂಡಾಯಿತು. ಅಂಗಡಿಗಳೆಲ್ಲ ಮುಚ್ಚಿದ್ದವು. ಸುಗಂಧಿ ಬಟ್ಟೆಯ ರಾಶಿಗೆ ಒರಗಿ ಕೂತುಬಿಟ್ಟಳು.

"ನನ್ನ ಕೈಲಿ ಆಗುವುದಿಲ್ಲ ಅತ್ತೆ."

ರತ್ನಮ್ಮ ಒಳಗೆ ಹೋಗಿ ನೂಲಿನ ಲಡಿಗಳನ್ನು ತಂದರು. "ಒಂದು ತುದಿ ಹಿಡ್ಕೋ. ಬೆಲ್ಟಿಗೆ ಹುರಿ ಹೊಸೆಯುವ."

"ಅಜ್ಜಿ, ದಟ್ಸ್ ಫಾರ್ ಪ್ರಜ್ವಲ್," ಎಂದಳು ಸುಗಂಧಿಯ ಮಗಳು ಮೇಧಾ.

"ಬೇಡ ಅತ್ತೆ. ಮಡಿಯಲ್ಲಿ ನೂತದ್ದಲ್ವಾ?"

"ಅವನ ಮುಂಜಿಗೆ ಮತ್ತೆ ನೂತರಾಯ್ತು. ನನ್ನ ಮಗ ಅಲ್ಲಿ ಏನು ಹಾಕ್ಕೊಳ್ತಾನೆ?"

ಮೊದಲ ಹುರಿ ಕಿತ್ತುಹೋಯಿತು. ಇದ್ದ ನೂಲನ್ನೆಲ್ಲ ಸೇರಿಸಿ ಮತ್ತೊಂದು ಹೊಸೆದು, ಮೇಣ ಉಜ್ಜಿ ಕಟ್ಟಿದರು. ಅದೂ ಆಗಾಗ ಜಾರುತ್ತಿತ್ತು; ಜಾರಿದಾಗಲೆಲ್ಲ ರತ್ನಮ್ಮ ಪಕ್ಕದಲ್ಲಿ ನಿಂತು ಚಕ್ರವನ್ನು ಕೈಯಿಂದ ತಿರುಗಿಸಿದರು. ಹೇಗೋ ಆ ರಾಶಿ ಮುಗಿಯಿತು.

ಎರಡು ದಿನದ ಮೇಲೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಜಯರಾಮನ ಫೋನ್ ಬಂತು.

"ಇವತ್ತು ಹೊಸ ಗೌನ್ ಬಂತು ಮಾರಾಯ್ತಿ. ತೋಳು ಸ್ವಲ್ಪ ಗಿಡ್ಡ."

"ನಾನೇ ಹೊಲಿದದ್ದಿರಬೇಕು."

"ಹೌದಾ? ಹಾಗಾದ್ರೆ ಸರಿ ಉಂಟು."

ಸುಗಂಧಿಗೆ ನಗು ಬಂತು.

"ಊಟ ಮಾಡಿದ್ನಾ ಕೇಳು," ಎಂದರು ರತ್ನಮ್ಮ.

ಕೇಳಿದಳು. ಅಷ್ಟರಲ್ಲಿ ಫೋನು ಹಿಡಿದುಕೊಂಡೇ ಅವನಿಗೆ ನಿದ್ದೆ ಹತ್ತಿತ್ತು. ಉಸಿರು ಮಾತ್ರ ಕೇಳುತ್ತಿತ್ತು. ಸುಗಂಧಿ ಫೋನ್ ಇಡಲು ಹೋದಾಗ ರತ್ನಮ್ಮ ಅವಳ ಕೈ ಹಿಡಿದರು.

"ಇರಲಿ, ಸ್ವಲ್ಪ ಹೊತ್ತು."

ಇಬ್ಬರೂ ನೆಲದ ಮೇಲೆ ಕೂತು ಕೇಳಿಸಿಕೊಂಡರು.